ನೆತ್ತಿಗೆ ಎಣ್ಣೆ, ಕೂದಲಿಗೆ ಏನು?

ಆನವಟ್ಟಿಯ ಪಕ್ಕದ ಕುಬಟೂರಿಗೆ ಹೊರಗಿನವರು ಬರುವುದು ಕೈಟಭೇಶ್ವರ ದೇಗುಲ ನೋಡಲು. ಸೊರಬ ತಾಲ್ಲೂಕಿನ ಈ ಊರೇ ಹಳೆಯ ಕುಂತಳನಗರ, ಚಂದ್ರಹಾಸನ ಕತೆ ನಡೆದದ್ದು ಇಲ್ಲಿಯೇ ಎಂದು ಊರವರು ಹೇಳುತ್ತಾರೆ. ಈ ಸೀಮೆಯೆಲ್ಲ ಕಲ್ಯಾಣದ ಚಾಲುಕ್ಯರ ಕೈಯಲ್ಲಿದ್ದ 12ನೇ ಶತಮಾನದಲ್ಲಿ ಮೂರನೆಯ ಸೋಮೇಶ್ವರ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಸ್ನಾನಭೋಗ ಎಂಬ ಭಾಗವೇ ಇದೆ. ಪರಿಮಳದ ಎಣ್ಣೆ ತಿಕ್ಕಿಸಿಕೊಂಡು ಮೀಯುವ ಕ್ರಮ ಅದರಲ್ಲಿದೆ. ಎಣ್ಣೆಸ್ನಾನವನ್ನು ಆ ಅರಸ ಭೋಗಗಳ ಸಾಲಿನಲ್ಲಿ ಕೂರಿಸಿದ. ಒಂಬತ್ತು ಶತಮಾನ ಕಳೆದ ಮೇಲೆ ನಾವು ಅದನ್ನು ಅಲ್ಲಿಂದ ಎಬ್ಬಿಸಿ ಔಷಧಿಯ ಕಪಾಟಿನಲ್ಲಿ ಕೂರಿಸಿದ್ದೇವೆ. ಗೊಂದಲ ಶುರುವಾಗುವುದು ಅಲ್ಲಿಂದಲೇ.

ಕುಬಟೂರು, ಆನವಟ್ಟಿ, ಜಡೆ, ಶಿರಾಳಕೊಪ್ಪ, ಎಲ್ಲಿ ಹೋಗಿ ಕೇಳಿದರೂ ಕೂದಲು ಉದುರುವುದಕ್ಕೆ ಎರಡು ಉತ್ತರ ಸಿದ್ಧವಾಗಿರುತ್ತವೆ: ‘ಬೋರ್ ನೀರು’ ಮತ್ತು ‘ನೆತ್ತಿಗೆ ಎಣ್ಣೆ ಸಾಲದು’. ನೆತ್ತಿಯನ್ನು ಚೆನ್ನಾಗಿ ನೋಡಿಕೊಂಡರೆ ಕೂದಲು ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆ ಪೂರ್ತಿ ಸುಳ್ಳಲ್ಲ, ಅರ್ಧ ನಿಜ. ನೆತ್ತಿಯ ಚರ್ಮಕ್ಕೆ ಬಂದ ಕಾಯಿಲೆಯಿಂದ ಉದುರಿದ ಕೂದಲು ಆ ಕಾಯಿಲೆ ವಾಸಿಯಾದರೆ ಮರಳುತ್ತದೆ. ಜ್ವರಕ್ಕೆ, ರಕ್ತಹೀನತೆಗೆ, ಥೈರಾಯ್ಡ್ ಏರುಪೇರಿಗೆ, ಅಪ್ಪ-ಅಮ್ಮನಿಂದ ಬಂದ ಬೋಳುತನಕ್ಕೆ ಹೋದ ಕೂದಲಿಗೆ ನೆತ್ತಿಯ ಆರೈಕೆ ಏನೂ ಮಾಡಲಾರದು. ಈ ಎರಡನ್ನೂ ಬೇರೆ ಬೇರೆ ಮಾಡಿ ನೋಡದಿದ್ದರೆ ದುಡ್ಡು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಚಿಕಿತ್ಸೆಗೆ ಸಿಗಬೇಕಾದ ತಿಂಗಳುಗಳು ಹೋಗುತ್ತವೆ.

ಮೊದಲು ಕೂದಲಿನ ನಡೆ. ತಲೆಯ ಮೇಲೆ ಸುಮಾರು 1 ಲಕ್ಷ ಕೂದಲಿರುತ್ತವೆ. ಪ್ರತಿಯೊಂದೂ ತನ್ನದೇ ಪಂಚಾಂಗ ಹಿಡಿದು ಬದುಕುತ್ತದೆ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಆಮೇಲೆ ಎರಡು ಮೂರು ವಾರ ಕುಗ್ಗುತ್ತದೆ, ಮೂರು ತಿಂಗಳಷ್ಟು ಸುಮ್ಮನಿರುತ್ತದೆ, ಉದುರುತ್ತದೆ. ಅದೇ ಗುಂಡಿಯಿಂದ ಹೊಸದು ಹುಟ್ಟುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಎರಡು ದಿನಕ್ಕೊಮ್ಮೆ ತಲೆ ಬಾಚುವವರ ಬಾಚಣಿಗೆಯಲ್ಲಿ ಅದು ಒಂದು ಉಂಡೆಯಾಗಿ ಕಾಣುತ್ತದೆ, ಜೀವ ಜಲ್ಲೆನ್ನುತ್ತದೆ. ಮೊಣಕಾಲು ಮುಟ್ಟುವ ಜಡೆಯವರ ಗುಟ್ಟು ಎಣ್ಣೆಯಲ್ಲಿಲ್ಲ. ಅವರ ಕೂದಲಿನ ಬೆಳೆಯುವ ಹಂತವೇ ಉದ್ದ, ಅದು ಮನೆತನದ ಬಳುವಳಿ.

ಉದುರಿದ ಒಂದು ಕೂದಲನ್ನು ಬೆಳಕಿಗೆ ಹಿಡಿದು ನೋಡಿ. ತುದಿಯಲ್ಲಿ ಸಾಸಿವೆಗಿಂತ ಚಿಕ್ಕ ಬಿಳಿ ಗಂಟು ಕಾಣುತ್ತದೆ. ‘ಬೇರು ಸಮೇತ ಕಿತ್ತು ಬಂತು’ ಎಂದು ಗಾಬರಿಯಾಗುವುದು ಅದನ್ನು ನೋಡಿಯೇ. ಅದು ಬೇರಲ್ಲ, ಆಯುಸ್ಸು ಮುಗಿಸಿದ ಕೂದಲಿನ ಒಣಗಿದ ತುದಿ. ಬೇರು ಚರ್ಮದೊಳಗೇ ಉಳಿದಿರುತ್ತದೆ. ಹೀಗೆ ಉದುರಿದ್ದನ್ನು ಸುತ್ತಿ ಗೋಡೆಯ ಸಂದಿಯಲ್ಲಿಟ್ಟು, ಪಾತ್ರೆ-ಪಿನ್ನು ಹೊತ್ತು ಬರುವವರಿಗೆ ಕೊಡುವ ರೂಢಿ ನಮ್ಮ ಹಳ್ಳಿಗಳಲ್ಲಿದೆ. ಕೂದಲು ಸಂಸ್ಕರಿಸುವುದನ್ನೇ ಕಸುಬಾಗಿಸಿಕೊಂಡ ಊರು ಕೊಪ್ಪಳದ ಪಕ್ಕದ ಭಾಗ್ಯನಗರ. ನೆತ್ತಿಯಿಂದ ಇಳಿದ ಮೇಲೆ ಅದಕ್ಕೆ ಬರುವ ಬೆಲೆಯೇ ಬೇರೆ!

ಇನ್ನು ಎಣ್ಣೆ. ಕೊಬ್ಬರಿ ಎಣ್ಣೆಯ ಮೇಲೆ ನಡೆದ ಪ್ರಸಿದ್ಧ ಪ್ರಯೋಗ 2003ರದು. ಮ್ಯಾರಿಕೊ ಕಂಪನಿಯ ಸಂಶೋಧಕರಾದ ರೇಲೆ ಮತ್ತು ಮೊಹಿಲೆ ಖನಿಜ ಎಣ್ಣೆ, ಸೂರ್ಯಕಾಂತಿ ಎಣ್ಣೆ, ಕೊಬ್ಬರಿ ಎಣ್ಣೆಗಳನ್ನು ಹೋಲಿಸಿ, ಕೂದಲಿನ ಎಳೆಯೊಳಕ್ಕೆ ಇಳಿದು ಪ್ರೋಟೀನ್ ಸೋರಿಹೋಗುವುದನ್ನು ತಡೆಯುವುದು ಕೊಬ್ಬರಿ ಎಣ್ಣೆ ಮಾತ್ರ ಎಂದು ತೋರಿಸಿದರು. ಕೊಬ್ಬರಿ ಎಣ್ಣೆ ಮಾರುವ ಕಂಪನಿಯೇ ಮಾಡಿಸಿದ ಪ್ರಯೋಗ ಎಂಬುದು ನೆನಪಿರಲಿ. ಆದರೂ ಫಲಿತಾಂಶ ನಂಬಬಹುದಾದದ್ದೇ. ಗಮನಿಸಬೇಕಾದದ್ದು ಬೇರೆ: ಅದು ಹೇಳಿದ್ದು ಚರ್ಮದಿಂದ ಹೊರಬಂದ ಎಳೆಯ ಬಗ್ಗೆ. ಎಣ್ಣೆ ಹಚ್ಚಿ ಬಾಚಿದರೆ ಕೂದಲು ಸಿಕ್ಕಾಗದು, ಮುರಿಯದು, ಅದರಿಂದ ಉದ್ದ ಉಳಿಯುತ್ತದೆ. ಉದ್ದ ಉಳಿಯುವುದಕ್ಕೂ ಹೆಚ್ಚು ಹುಟ್ಟುವುದಕ್ಕೂ ವ್ಯತ್ಯಾಸವಿದೆ. ಗರುಗದ ಸೊಪ್ಪು, ಒಂದೆಲಗ, ನೆಲ್ಲಿಕಾಯಿ, ಕರಿಬೇವು ಹಾಕಿ ಕಾಯಿಸಿದ ಎಣ್ಣೆಗಳಿಗೂ ಇದೇ ಮಾತು. ಗರುಗದ ಸಾರ ಇಲಿಗಳ ಮೇಲೆ ಆಸೆ ಹುಟ್ಟಿಸಿದೆ, ಮನುಷ್ಯರ ನೆತ್ತಿಯ ಮೇಲೆ ಅಷ್ಟು ಗಟ್ಟಿ ಪುರಾವೆ ಇಲ್ಲ. ನೆತ್ತಿ ತಿಕ್ಕುವುದರ ಬಗ್ಗೆ ಜಪಾನಿನಲ್ಲಿ 2016ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ. 9 ಗಂಡಸರು ದಿನಕ್ಕೆ 4 ನಿಮಿಷದಂತೆ 24 ವಾರ ತಿಕ್ಕಿಸಿಕೊಂಡಾಗ ಕೂದಲಿನ ಎಳೆ ಸ್ವಲ್ಪ ದಪ್ಪವಾಯಿತು. ಒಂಬತ್ತು ಜನರ ಮೇಲೆ ಸಿದ್ಧಾಂತ ಕಟ್ಟಲಾಗದು. ಹಾಗೆಂದು ಅಜ್ಜಿಯ ಕೈಯ ಎಣ್ಣೆ ಬೇಡವೆನ್ನುವ ಕಟುಕ ನಾನಲ್ಲ. ನೀರು ತುಂಬುವ ಹಬ್ಬದ ಮರುದಿನ ಬೆಳಗಿನ ಜಾವ ಹಂಡೆ ಕಾಯಿಸಿ ಎಣ್ಣೆ ಹಚ್ಚಿಕೊಂಡು ಮೀಯುವ ಸುಖಕ್ಕೆ ಯಾವ ಪ್ರಯೋಗಶಾಲೆಯ ಅಪ್ಪಣೆಯೂ ಬೇಕಿಲ್ಲ.

ಎಣ್ಣೆ ನಿಜಕ್ಕೂ ಕೆಡುಕು ಮಾಡುವ ಜಾಗ ಒಂದಿದೆ: ತಲೆಹೊಟ್ಟು. ‘ನೆತ್ತಿ ಒಣಗಿದೆ, ಅದಕ್ಕೇ ಹೊಟ್ಟು’ ಎಂಬ ತಿಳಿವಳಿಕೆ ಎಷ್ಟು ಗಟ್ಟಿಯೆಂದರೆ, ಹೊಟ್ಟು ಕಂಡ ದಿನವೇ ಎಣ್ಣೆಯ ಬಟ್ಟಲು ಹೊರಬರುತ್ತದೆ. ಬಹುಪಾಲು ತಲೆಹೊಟ್ಟು ಒಣ ಚರ್ಮದ್ದಲ್ಲ, ಜಿಡ್ಡು ಚರ್ಮದ್ದು. ಮಲಸೇಜಿಯ ಎಂಬ ಶಿಲೀಂಧ್ರ ಎಲ್ಲರ ನೆತ್ತಿಯಲ್ಲೂ ಇರುತ್ತದೆ. ಜಿಡ್ಡೇ ಅದರ ಆಹಾರ. ನೆತ್ತಿಯ ಜಿಡ್ಡನ್ನು ಒಡೆದು ಅದು ಬಿಡುವ ಓಲಿಯಿಕ್ ಆಮ್ಲ ಕೆಲವರ ಚರ್ಮಕ್ಕೆ ಒಗ್ಗುವುದಿಲ್ಲ. ಚರ್ಮ ಕೆರಳಿ, ಬೇಗ ಬೇಗ ಸುಲಿದು, ಬಿಳಿ ಹೊಟ್ಟಾಗಿ ಉದುರುತ್ತದೆ. ಅಂಥ ತಲೆಗೆ ರಾತ್ರಿಯಿಡೀ ಎಣ್ಣೆ ಇಟ್ಟರೆ ಶಿಲೀಂಧ್ರಕ್ಕೆ ಔತಣ. ಎಣ್ಣೆಯಲ್ಲಿ ಹೊಟ್ಟು ಅಂಟಿ ಕುಳಿತು ಕಾಣದೇ ಇರುವುದನ್ನೇ ವಾಸಿಯಾಯಿತೆಂದು ತಿಳಿಯುತ್ತೇವೆ. ಮಲೆನಾಡಿನ ಮಳೆಗಾಲದಲ್ಲಿ ನಾಟಿ ಗದ್ದೆಯಿಂದ ತೊಯ್ದು ಬಂದು, ಹಸಿ ಕೂದಲನ್ನೇ ತುರುಬು ಕಟ್ಟಿಕೊಳ್ಳುವ ಹೆಂಗಸರಿಗೆ ಈ ತುರಿಕೆ ಇನ್ನೂ ಹೆಚ್ಚು. ಪರಿಹಾರ ದುಬಾರಿಯದೇನಲ್ಲ. ಶೇ 2ರ ಕೀಟೊಕೊನಜೋಲ್ ಶಾಂಪೂ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ವಾರಕ್ಕೆ ಎರಡು ಸಲ, ಕೂದಲಿಗಲ್ಲ, ನೆತ್ತಿಗೆ ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು. ಹಚ್ಚಿದ ತಕ್ಷಣ ತೊಳೆದವರು ‘ಏನೂ ಉಪಯೋಗವಿಲ್ಲ’ ಎನ್ನುವುದು ಸಹಜವೇ. ಹೊಟ್ಟು ಯಾರನ್ನೂ ಬೋಳು ಮಾಡುವುದಿಲ್ಲ, ಆದರೆ ಕೆರಳಿದ ನೆತ್ತಿಯಲ್ಲಿ ಕೂದಲು ಹೆಚ್ಚು ಉದುರುತ್ತದೆ, ಕೆರೆದು ಕೆರೆದು ಮುರಿಯುತ್ತದೆ. ನೆತ್ತಿ ಸ್ವಚ್ಛವಿದ್ದರೆ ಕೂದಲಿಗೆ ಒಳ್ಳೆಯದು ಎಂಬ ಮಾತು ಅಕ್ಷರಶಃ ನಿಜವಾಗುವುದು ಇಲ್ಲಿ.

ತೊಳೆಯುವುದು ಯಾವುದರಿಂದ? ಸೀಗೆಕಾಯಿ, ಅಂಟುವಾಳಕಾಯಿಗಳಲ್ಲಿ ಇರುವ ಸಪೋನಿನ್ ನೊರೆ ಬರಿಸಿ ಜಿಡ್ಡನ್ನು ಎಬ್ಬಿಸುತ್ತದೆ. ದಾಸವಾಳದ ಸೊಪ್ಪನ್ನು ಕಿವುಚಿದ ಲೋಳೆ, ಹವ್ಯಕರ ಮನೆಗಳಲ್ಲಿ ಗೊಂಪು ಎನ್ನುವುದು, ಕೂದಲನ್ನು ನುಣುಪಾಗಿಸುತ್ತದೆ. ಎಣ್ಣೆಯನ್ನು ಪೂರ್ತಿ ತೆಗೆಯಲು ಮಾತ್ರ ಅದಕ್ಕೆ ಶಕ್ತಿ ಸಾಲದು. ಸೀಗೆಪುಡಿಯನ್ನು ನುಣ್ಣಗೆ ಜರಡಿ ಹಿಡಿಯದೆ ಹಾಕಿಕೊಂಡರೆ ಚೂರು ನೆತ್ತಿಯಲ್ಲೇ ಉಳಿದು ತುರಿಸುತ್ತದೆ. ಮೈಸಾಬೂನನ್ನೇ ತಲೆಗೂ ಹಾಕುವ ಅಭ್ಯಾಸ ಬಿಡಬೇಕು. ನೆತ್ತಿಯ ಚರ್ಮ ತುಸು ಆಮ್ಲೀಯ, ಸಾಬೂನು ಕ್ಷಾರ. ಬೋರ್ ನೀರಿನ ಆಪಾದನೆಯಲ್ಲಿ ಇರುವ ಸತ್ಯಾಂಶವೂ ಇಲ್ಲೇ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜೊತೆ ಸೇರಿ ಬಿಳಿ ಗಷ್ಟಾಗಿ ಕೂದಲಿಗೆ ಅಂಟುತ್ತವೆ. ಕೂದಲು ತೆಂಗಿನ ನಾರಿನಂತೆ ಒರಟಾಗುತ್ತದೆ, ಬಾಚುವಾಗ ಮುರಿಯುತ್ತದೆ. ಬುಡದಿಂದ ಉದುರಿಸುವ ಶಕ್ತಿ ಆ ನೀರಿಗಿದೆ ಎನ್ನಲು ಆಧಾರವಿಲ್ಲ. ಕೊನೆಯ ಎರಡು ತಂಬಿಗೆ ಮಳೆನೀರೋ ಬಾವಿನೀರೋ ಆದರೆ ಸಾಕು, ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಇಲ್ಲಿಯವರೆಗೆ ನೆತ್ತಿಯ ಮಾತು. ಹಿಡಿ ಹಿಡಿಯಾಗಿ ಕೂದಲು ಬರುತ್ತದೆಂದು ಅಳುಮುಖ ಮಾಡಿ ಬರುವವರಲ್ಲಿ ಬಹಳ ಜನರ ನೆತ್ತಿ ಚೊಕ್ಕಟವಾಗಿಯೇ ಇರುತ್ತದೆ. ಅವರನ್ನು ಕೇಳಬೇಕಾದ ಪ್ರಶ್ನೆ ‘ಯಾವ ಎಣ್ಣೆ’ ಎಂದಲ್ಲ, ‘ಮೂರು ತಿಂಗಳ ಹಿಂದೆ ಏನಾಗಿತ್ತು’ ಎಂದು. ಜೋರು ಜ್ವರ, ಶಸ್ತ್ರಚಿಕಿತ್ಸೆ, ಹೆರಿಗೆ, ಊಟ ಬಿಟ್ಟು ತೂಕ ಇಳಿಸಿದ್ದು, ಮನೆಯಲ್ಲೊಂದು ಸಾವು: ಇಂಥ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳು ಒಟ್ಟೊಟ್ಟಿಗೆ ವಿಶ್ರಾಂತಿಗೆ ಹೋಗುತ್ತವೆ. ಎರಡು ಮೂರು ತಿಂಗಳಾದ ಮೇಲೆ ಒಟ್ಟಿಗೇ ಉದುರುತ್ತವೆ. ಆ ಹೊತ್ತಿಗೆ ಜ್ವರ ಮರೆತುಹೋಗಿರುತ್ತದೆ. ಆ ವಾರ ಬದಲಿಸಿದ ಶಾಂಪೂ ಮೇಲೆ ತಪ್ಪು ಬೀಳುತ್ತದೆ. 1957ರಲ್ಲಿ ಮಂಗನ ಕಾಯಿಲೆಗೆ ಹೆಸರು ಕೊಟ್ಟ ಕ್ಯಾಸನೂರು ಇದೇ ಸೊರಬ ತಾಲ್ಲೂಕಿನದು. ಜ್ವರಗಳ ಪರಿಚಯ ಈ ಸೀಮೆಗೆ ಹೊಸದಲ್ಲ. ಡೆಂಗಿ, ಟೈಫಾಯ್ಡ್, ಕೋವಿಡ್ ಆದ ಮೇಲೆ ಕೂದಲು ಹೀಗೆ ಹೋದವರು ಊರೂರಲ್ಲಿದ್ದಾರೆ. ಬಾಣಂತಿಯರ ಬಗ್ಗೆ ಹಳಬರಲ್ಲಿ ಒಂದು ಮಾತುಂಟು: ಮಗು ತಾಯಿಯ ಗುರುತು ಹಿಡಿದು ನಗುವ ಹೊತ್ತಿಗೆ ತಾಯಿಯ ಕೂದಲು ಉದುರುತ್ತದೆ ಎಂದು. ಕಾರಣ ಮಗುವಿನ ನಗುವಲ್ಲ, ಆದರೆ ಲೆಕ್ಕ ಸರಿಯಾಗಿದೆ. ಹೆರಿಗೆಯಾಗಿ ಮೂರು ನಾಲ್ಕು ತಿಂಗಳಿಗೇ ಅದು. ಈ ಬಗೆಯಲ್ಲಿ ಹೋದದ್ದು ಸಾಮಾನ್ಯವಾಗಿ ಆರೇಳು ತಿಂಗಳಲ್ಲಿ ತಾನಾಗಿ ಮರಳುತ್ತದೆ. ಆ ಅವಧಿಯಲ್ಲಿ ಯಾವ ಎಣ್ಣೆ ಕೈಯಲ್ಲಿತ್ತೋ ಅದಕ್ಕೆ ಕೀರ್ತಿ! ಎಷ್ಟೋ ಎಣ್ಣೆಗಳ ಹೆಸರು ನಿಂತಿರುವುದು ಈ ಕಾಕತಾಳೀಯದ ಮೇಲೆ.

ರಕ್ತದ ಮಾತು ಇದಕ್ಕಿಂತ ಗಂಭೀರ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ಕೂದಲಿನ ಬುಡದ ಜೀವಕೋಶಗಳು ದೇಹದಲ್ಲೇ ಅತಿ ವೇಗವಾಗಿ ಒಡೆದು ಬೆಳೆಯುವಂಥವು. ಕಬ್ಬಿಣಾಂಶ ಕಡಿಮೆಯಾದಾಗ ದೇಹ ಹೃದಯಕ್ಕೆ, ಮಿದುಳಿಗೆ ಮೊದಲು ಬಡಿಸುತ್ತದೆ, ಕೂದಲಿಗೆ ಕೊನೆಯ ಪಂಕ್ತಿ. ಕಬ್ಬಿಣಾಂಶದ ಕೊರತೆ ಎಷ್ಟಾದರೆ ಕೂದಲು ಉದುರುತ್ತದೆ ಎಂಬ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ. ಕೊರತೆಯಿದ್ದರೆ ಸರಿಪಡಿಸಬೇಕು ಎಂಬುದರಲ್ಲಿ ಜಗಳವಿಲ್ಲ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ಕಬ್ಬಿಣಾಂಶದ ಮಾತ್ರೆಯನ್ನು ಹೊಟ್ಟೆ ತೊಳಸುತ್ತದೆಂದು ಕಿಟಕಿಯಾಚೆ ಎಸೆದ ಹುಡುಗಿಗೇ ಮನೆಯಲ್ಲಿ ನೂರಾರು ರೂಪಾಯಿಯ ಎಣ್ಣೆ ತರಿಸುವುದು ನಮ್ಮ ಕಾಲದ ವಿಪರ್ಯಾಸ. ಊಟದ ಬೆನ್ನಿಗೇ ಚಹಾ ಕುಡಿಯುವ ಅಭ್ಯಾಸವೂ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಬಯೋಟಿನ್ ಮಾತ್ರೆಗಳ ಭರಾಟೆಯ ಬಗ್ಗೆ ಒಂದೇ ಮಾತು: ಅದರ ಕೊರತೆ ತೀರಾ ಅಪರೂಪ, ಹೆಚ್ಚು ನುಂಗಿದರೆ ಥೈರಾಯ್ಡ್‌ನಂಥ ರಕ್ತಪರೀಕ್ಷೆಗಳ ಫಲಿತಾಂಶವೇ ತಪ್ಪಿಬಿಡಬಹುದು.

ಇನ್ನು, ಅಲ್ಲಲ್ಲಿ ದುಂಡಗೆ ಖಾಲಿಯಾಗುವ ತಲೆ. ‘ಹುಳ ತಿಂದಿದೆ’ ಎಂಬ ಒಂದೇ ಹೆಸರಿನಡಿ ನಮ್ಮಲ್ಲಿ ಎರಡು ಕಾಯಿಲೆಗಳು ಅಡಗಿವೆ. ಒಂದು, ಮಕ್ಕಳಲ್ಲಿ ಕಾಣುವ ಹುಳುಕಡ್ಡಿ. ಚರ್ಮ ಹೊಪ್ಪಳಿಸಿ, ಕೂದಲು ಬುಡದಲ್ಲೇ ಮುರಿದು ಕಪ್ಪು ಚುಕ್ಕಿಯಂತೆ ಉಳಿದಿರುತ್ತದೆ, ತುರಿಕೆಯಿರುತ್ತದೆ, ಒಂದೇ ಬಾಚಣಿಗೆಯಿಂದ ತಮ್ಮನಿಗೂ ಹರಡುತ್ತದೆ. ಶಿಲೀಂಧ್ರ ಕೂದಲಿನ ಬುಡದೊಳಗೆ ಇಳಿದಿರುವುದರಿಂದ ಮೇಲೆ ಹಚ್ಚುವ ಮುಲಾಮು ಅಲ್ಲಿಗೆ ತಲುಪುವುದಿಲ್ಲ. ವಾರಗಟ್ಟಲೆ ಮಾತ್ರೆಯನ್ನೇ ನುಂಗಬೇಕು. ಬಿಟ್ಟರೆ ಕೀವು ತುಂಬಿ, ಗಾಯ ಕಲೆಯಾಗಿ, ಆ ಜಾಗದಲ್ಲಿ ಕೂದಲು ಶಾಶ್ವತವಾಗಿ ಹೋಗಬಹುದು. ಇನ್ನೊಂದು ಕಾಯಿಲೆಯಲ್ಲಿ ನೆತ್ತಿ ಕನ್ನಡಿಯಂತೆ ನುಣುಪು, ತುರಿಕೆ ಇಲ್ಲ, ಹೊಪ್ಪಳೆ ಇಲ್ಲ. ದೇಹದ ರೋಗನಿರೋಧಕ ಶಕ್ತಿಯೇ ಕೂದಲಿನ ಬುಡದ ಮೇಲೆ ತಿರುಗಿಬಿದ್ದಿರುತ್ತದೆ. ಹುಳವೂ ಇಲ್ಲ, ಅಂಟುವುದೂ ಇಲ್ಲ. ಎಷ್ಟೋ ಸಲ ತಾನಾಗಿ ತುಂಬಿಕೊಳ್ಳುತ್ತದೆ, ಇಲ್ಲದಿದ್ದರೆ ಚರ್ಮವೈದ್ಯರು ಅಲ್ಲೇ ಚುಚ್ಚುಮದ್ದು ಕೊಡುತ್ತಾರೆ. ಇದಕ್ಕೆ ಗುಲಗಂಜಿ ಅರೆದು ಹಚ್ಚುವ ನಾಟಿ ಪದ್ಧತಿಯಿದೆ. ಗುಲಗಂಜಿ ಕಾಳಿನಲ್ಲಿ ಇರುವ ಎಬ್ರಿನ್ ಘೋರ ವಿಷ. ಮಕ್ಕಳಿರುವ ಮನೆಯಲ್ಲಿ ಅದನ್ನು ಅರೆದಿಡುವುದೇ ಅಪಾಯ.

ಬಿಗಿಯಾಗಿ ಎಳೆದು ಕಟ್ಟುವ ಎರಡು ಜಡೆಯೂ ಹಣೆಯಂಚಿನ ಕೂದಲನ್ನು ತಿನ್ನುತ್ತದೆ. ಶಾಲೆಗಳ ಶಿಸ್ತಿಗೆ ಇದು ಗೊತ್ತಿದ್ದಂತಿಲ್ಲ. ಜವಳ ತೆಗೆಸಿದರೆ, ಮುಡಿ ಕೊಟ್ಟರೆ ಕೂದಲು ದಟ್ಟವಾಗುತ್ತದೆ ಎಂಬುದೂ ಕಣ್ಣಿನ ಭ್ರಮೆ. ಬೋಳಿಸುವುದರಿಂದ ಕೂದಲಿನ ದಪ್ಪ, ವೇಗ ಬದಲಾಗದು ಎಂದು ಅಮೆರಿಕದ ಮಿಲ್‌ಡ್ರೆಡ್ ಟ್ರಾಟರ್ 1928ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ. ಹರಕೆ ಹರಕೆಯಾಗಿಯೇ ಇರಲಿ.

ಕೂದಲಿಗೆ ಈ ನೆಲದಲ್ಲಿ ಇರುವ ಅರ್ಥಭಾರ ದೊಡ್ಡದು. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿಯನ್ನು ಕೂದಲನ್ನೇ ಉಟ್ಟವಳಾಗಿ ಚಿತ್ರಿಸುತ್ತೇವೆ. ಇತ್ತ ಸೊರಬ ತಾಲ್ಲೂಕಿನದೇ ಚಂದ್ರಗುತ್ತಿ, ರೇಣುಕಾಂಬೆಯ ಬೆಟ್ಟ. ಬೆತ್ತಲೆ ಸೇವೆಯ ಕಾರಣಕ್ಕೆ 1986ರಲ್ಲಿ ದೇಶಕ್ಕೆಲ್ಲ ಸುದ್ದಿಯಾದ ಜಾಗ. ರೇಣುಕೆ-ಎಲ್ಲಮ್ಮನ ಭಕ್ತರಲ್ಲಿ ಕೂದಲು ಗಂಟುಕಟ್ಟಿ ಹಗ್ಗದಂತೆ ಹೆಣೆದುಕೊಂಡರೆ ಅದು ದೇವಿಯ ಕರೆ, ಕತ್ತರಿಸಿದರೆ ಕೇಡು ಎಂಬ ನಂಬಿಕೆ ಬೇರೂರಿತ್ತು. ಬಡ ಮನೆಗಳ ಎಷ್ಟೋ ಹುಡುಗಿಯರನ್ನು ದೇವದಾಸಿಯಾಗಿ ಬಿಡಲು ಈ ಗಂಟೇ ನೆಪವಾಯಿತು. 1982ರ ಕಾನೂನು ಆ ಬಿಡುವಿಕೆಯನ್ನು ನಿಷೇಧಿಸಿತು. ಗಂಟಿನ ಹಿಂದಿರುವುದು ಇಷ್ಟೇ: ದಿನಗಟ್ಟಲೆ ಬಾಚದ ಕೂದಲು, ಎಣ್ಣೆ-ಧೂಳಿನ ಅಂಟು, ಹೇನು, ಕೆಲವೊಮ್ಮೆ ಹಾಸಿಗೆ ಹಿಡಿಸಿದ ಕಾಯಿಲೆ. ಒಮ್ಮೆ ಹೆಣೆದುಕೊಂಡ ಮೇಲೆ ‘ದೇವಿಯದು’ ಎಂದು ಮುಟ್ಟದೆ ಬಿಡುತ್ತಾರೆ. ಒಳಗೆ ನೆತ್ತಿ ಹುಣ್ಣಾಗುತ್ತದೆ, ಭಾರಕ್ಕೆ ಕತ್ತು ನೋಯುತ್ತದೆ. ಕತ್ತರಿ ಹಾಕಿದರೆ ರಕ್ತ ಬರುವುದಿಲ್ಲ, ನೋವಾಗುವುದಿಲ್ಲ. ಸತ್ತ ಎಳೆಗೆ ನೋವೆಲ್ಲಿಯದು? ನೆತ್ತಿಯ ಸ್ವಚ್ಛತೆ ಸೌಂದರ್ಯದ ವಿಷಯವಷ್ಟೇ ಎಂದು ತಿಳಿದವರು ಈ ಹೆಣ್ಣುಮಕ್ಕಳನ್ನೊಮ್ಮೆ ನೆನೆಯಬೇಕು.

ಉಳಿದದ್ದು ಬೊಕ್ಕತಲೆ. ಗಂಡಸರಿಗೆ ಹಣೆಯ ಎರಡೂ ಮೂಲೆ ಹಿಂದೆ ಸರಿಯುತ್ತದೆ, ನಡುನೆತ್ತಿ ಬಯಲಾಗುತ್ತದೆ. ಹೆಂಗಸರಿಗೆ ಬೈತಲೆ ಅಗಲವಾಗುತ್ತದೆ. ಪ್ರಾಯಕ್ಕೆ ಮುನ್ನ ವೃಷಣ ಕಳೆದುಕೊಂಡವರು ಬೋಳಾಗುವುದಿಲ್ಲ ಎಂದು ಜೇಮ್ಸ್ ಹ್ಯಾಮಿಲ್ಟನ್ 1942ರಲ್ಲಿ ತೋರಿಸಿದಾಗಲೇ ಇದು ವಂಶವಾಹಿ ಮತ್ತು ಹಾರ್ಮೋನಿನ ವ್ಯವಹಾರ ಎಂದು ಗೊತ್ತಾಗಿತ್ತು. ರಕ್ತದೊತ್ತಡದ ಔಷಧಿಯಾಗಿ ಬಂದು, ಮೈಮೇಲೆಲ್ಲ ಕೂದಲು ಹುಟ್ಟಿಸಿ ಗಮನ ಸೆಳೆದ ಮಿನಾಕ್ಸಿಡಿಲ್‌ಗೆ 1988ರಲ್ಲಿ ಅಮೆರಿಕದಲ್ಲಿ ನೆತ್ತಿಗೆ ಹಚ್ಚಲು ಅನುಮತಿ ಸಿಕ್ಕಿತು. ಗಂಡಸರು ನುಂಗುವ ಫಿನಾಸ್ಟರೈಡ್ ಬಂದದ್ದು 1997ರಲ್ಲಿ. ಎರಡೂ ಇದ್ದದ್ದನ್ನು ಉಳಿಸುತ್ತವೆ, ಸ್ವಲ್ಪ ಮರಳಿಸುತ್ತವೆ, ಬಿಟ್ಟರೆ ಗಳಿಸಿದ್ದು ಹೋಗುತ್ತದೆ. ಫಿನಾಸ್ಟರೈಡ್‌ಗೆ ಅಡ್ಡಪರಿಣಾಮಗಳುಂಟು, ಗರ್ಭಿಣಿಯರಿಗೆ ಅದು ಸಲ್ಲದು. ವೈದ್ಯರನ್ನು ಕೇಳದೆ ಮುಟ್ಟುವಂತಿಲ್ಲ.

ಈ ಸಾಧಾರಣ ಫಲಿತಾಂಶಕ್ಕೆ ಬೇಸತ್ತವರನ್ನು ಹಿಡಿಯುವುದು ಮಾರುಕಟ್ಟೆ. ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ‘ಆದಿವಾಸಿ ಹೇರ್ ಆಯಿಲ್’ ಮೊಬೈಲುಗಳಲ್ಲಿ ದೇಶವನ್ನೇ ಸುತ್ತಿತು. 1972ರ ವನ್ಯಜೀವಿ ಕಾಯ್ದೆ ಬೇಟೆ ನಿಲ್ಲಿಸಿದ ಮೇಲೆ ಮೂಲಿಕೆ ಮಾರಿ ಬದುಕು ಕಟ್ಟಿಕೊಂಡ ಸಮುದಾಯ ಅದು. 2023ರ ಏಪ್ರಿಲ್‌ನಲ್ಲಿ ಸುಡಾನ್‌ನ ಯುದ್ಧದಲ್ಲಿ ಸಿಕ್ಕಿಕೊಂಡ ಕನ್ನಡಿಗರ ಸುದ್ದಿ ಬಂದಾಗ ಅವರು ಹಕ್ಕಿಪಿಕ್ಕಿಗಳು, ಮೂಲಿಕೆ ಮಾರಲು ಆಫ್ರಿಕಾಕ್ಕೇ ಹೋದವರು ಎಂದು ತಿಳಿದು ನಾಡು ಬೆರಗಾಯಿತು. ಅವರಲ್ಲಿ ಶಿವಮೊಗ್ಗದ ಕಡೆಯವರೂ ಇದ್ದರು. ಅವರ ಸಾಹಸಕ್ಕೆ ನನ್ನ ನಮಸ್ಕಾರವಿದೆ. ಎಣ್ಣೆ ಬೋಳುತಲೆಯಲ್ಲಿ ಕೂದಲು ಬರಿಸುತ್ತದೆ ಎಂಬುದಕ್ಕೆ ಮಾತ್ರ ನಂಬುವಂಥ ಪುರಾವೆ ಇಲ್ಲ, ಅವರ ಎಣ್ಣೆಗೂ ಇಲ್ಲ, ಹೊಳೆಯುವ ಬಾಟಲಿಯ ದೊಡ್ಡ ಕಂಪನಿಗಳ ಎಣ್ಣೆಗೂ ಇಲ್ಲ. ನಮ್ಮ ದೇಶದ ಔಷಧ ನಿಯಮಾವಳಿಯ ‘ಜೆ’ ಅನುಸೂಚಿಯಲ್ಲಿ, ಗುಣಪಡಿಸುತ್ತೇನೆಂದು ಯಾವ ಔಷಧವೂ ಹೇಳಿಕೊಳ್ಳಬಾರದ ತೊಂದರೆಗಳ ಪಟ್ಟಿಯೊಂದಿದೆ. ಬೋಳುತನವೂ ಹೊಸ ಕೂದಲು ಬೆಳೆಸುವುದೂ ಆ ಪಟ್ಟಿಯಲ್ಲಿವೆ.

ಆದ್ದರಿಂದ ಕುಬಟೂರಿನವರಿಗೂ ಉಳಿದವರಿಗೂ ಒಂದು ವಿನಂತಿ. ಎಣ್ಣೆ ಹಚ್ಚಿ, ಒಂದೆರಡು ಗಂಟೆಯಲ್ಲಿ ತೊಳೆಯಿರಿ; ಹೊಟ್ಟಿದ್ದರೆ ಹಚ್ಚಲೇಬೇಡಿ. ಉದುರುವುದು ಹೆಚ್ಚಾಗಿದ್ದರೆ ಎಣ್ಣೆ ಬದಲಿಸುವ ಮುನ್ನ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಹಿಮೊಗ್ಲೋಬಿನ್ ನೋಡಿಸಿ, ಥೈರಾಯ್ಡ್ ಪರೀಕ್ಷೆ ಬೇಕೇ ಎಂದು ಕೇಳಿ. ಮಗುವಿನ ತಲೆಯಲ್ಲಿ ದುಂಡಗೆ ಕೂದಲು ಹೋಗಿದ್ದರೆ, ಯಾರದೇ ನೆತ್ತಿಯಲ್ಲಿ ಕೀವು, ನೋವು, ಹೊಳೆಯುವ ಕಲೆ ಕಂಡರೆ ಹಬ್ಬ ಮುಗಿಯಲಿ ಎಂದು ಕಾಯದೆ ಚರ್ಮವೈದ್ಯರಿಗೆ ತೋರಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಕಲೆಗಟ್ಟಿದ ಚರ್ಮದಲ್ಲಿ ಕೂದಲಿನ ಬುಡವೇ ಸತ್ತಿರುತ್ತದೆ, ಅಲ್ಲಿ ಯಾವ ಔಷಧಿಯಿಂದಲೂ ಮತ್ತೆ ಕೂದಲು ಬರುವುದಿಲ್ಲ.